ಸರಿತಾಳ ಪಿಸ್ತೂಲು, ಮುತ್ಯಾನ ಟವೆಲು

ಮಂದಿ ಮನೆಯಲ್ಲಿ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಪಿಸ್ತೂಲು ಹಿಡಿಯುತ್ತಾರೆ. ಹೆದರಬೇಡಿ, ಅದು ಗಾಳಿ ಪಿಸ್ತೂಲು, ಅದೂ ಖಾಲಿ. ನನ್ನ ಮಗಳು ಸರಿತಾ ಪಡಸಾಲೆಯ ಈ ತುದಿಗೆ ನಿಂತು, ಆ ತುದಿಯ ಗೋಡೆಗೆ ಅಂಟಿಸಿದ ಕರಿ ಚುಕ್ಕೆಗೆ ಗುರಿ ಹಿಡಿದು ಕುದುರೆ ಎಳೆಯುತ್ತಾಳೆ. ಟಿಕ್ ಅನ್ನುತ್ತದೆ. ಹೊರಸಿನ ಮೇಲೆ ಕೂತ ನನ್ನ ಮಾವ ಚಂದ್ರಾಮಪ್ಪನವರು, ಅಂದರೆ ಅವಳ ಮುತ್ಯಾ, ಅವಳ ಕೈ ಅಲುಗದಿದ್ದರೆ "ಹೂಂ" ಅನ್ನುತ್ತಾರೆ. ಅಲುಗಿದರೆ ಸುಮ್ಮನೆ ಕೂಡುತ್ತಾರೆ. ಟಿಕ್, ಹೂಂ. ಟಿಕ್, ಹೂಂ. ನಾನು ಒಳಗೆ ಭಾಂಡೆ ತಿಕ್ಕುತ್ತ ಇದನ್ನೇ ಕೇಳುತ್ತೇನೆ. ಆಗಾಗ ಮುತ್ಯಾನೂ "ತಾ ಇಲ್ಲಿ" ಅಂತ ಇಸಿದುಕೊಂಡು ತಾವೇ ನಾಲ್ಕು ಸಲ ಟಿಕ್ ಅನ್ನಿಸುತ್ತಾರೆ. ಆಗ "ಹೂಂ" ಅನ್ನುವ ಪಾಳಿ ಮೊಮ್ಮಗಳದು.

ಮಾವ ತಮ್ಮ ಕಾಲದಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಸುತ್ತಿನ ದನದ ಸಂತೆಗಳಲ್ಲಿ ದಲಾಲಿ ಮಾಡಿದವರು. ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ತಮ್ಮ ಹೆಗಲ ಟವೆಲು ಹೊದಿಸುತ್ತಿದ್ದರು. ಒಳಗೆ ಬೆರಳು ಹಿಚುಕಿ ರೇಟು ಮಾತಾಡಬೇಕು. ಸುತ್ತ ನಿಂತ ನೂರು ಮಂದಿಗೆ ಗೊತ್ತಾಗುವುದು ಟವೆಲು ಅಲುಗಿದ್ದಷ್ಟೇ. ಸರಿತಾ ಚಿಕ್ಕವಳಿದ್ದಾಗ ಇಬ್ಬರೂ ಕೌದಿಯೊಳಗೆ ಕೈ ಹಾಕಿ ಶೇಂಗಾ, ಬೆಲ್ಲದ ವ್ಯಾಪಾರ ನಡೆಸುತ್ತಿದ್ದರು. ಈಗ ಎತ್ತು ಹೋಗಿ ಟ್ರ್ಯಾಕ್ಟರುಗಳು ಬಂದಿವೆ. ಮಾವನ ಹೆಗಲ ಮೇಲೆ ಟವೆಲು ಮಾತ್ರ ಉಳಿದಿದೆ.

ಗಾಳಿ ಪಿಸ್ತೂಲಿನಲ್ಲಿ ಸರಿತಾ ಎರಡು ಪದಕ ತಂದಳು. ಕಲಬುರಗಿಯ ಕ್ಲಬ್ಬಿನ ಕೋಚು, ಇನ್ನು ಪಾಯಿಂಟ್ ಟೂಟೂ ಹಿಡಿ ಅಂದರು. ಅದು ಖರೇ ಗುಂಡಿನ ಪಿಸ್ತೂಲು. ಕ್ಲಬ್ಬಿನಲ್ಲಿ ಇದ್ದದ್ದು ಒಂದೇ, ಕೈ ಹಾಕುವವರು ಏಳು ಮಂದಿ. ನಮ್ಮ ಸೇಡಂನಲ್ಲಿ ರೈಲು ಹತ್ತಿ ಚಿತ್ತಾಪುರ, ವಾಡಿ, ಶಹಾಬಾದ ದಾಟಿ ಹೋದರೆ ಇವಳ ಪಾಳಿಗೆ ಹತ್ತು ಗುಂಡು ಸಿಕ್ಕರೆ ಪುಣ್ಯ. ದೀಪಾವಳಿ ಮುಗಿದ ಮೇಲೆ ರಾಜ್ಯ ತಂಡದ ಸೆಲೆಕ್ಷನ್. ಅಷ್ಟರಲ್ಲಿ ತನ್ನದೊಂದು ಪಿಸ್ತೂಲು ಕೈಗೆ ಹೊಂದಿಕೊಂಡಿದ್ದರೆ ಮಾತು, ಇಲ್ಲದಿದ್ದರೆ ಈ ವರ್ಷ ಹೋಯಿತು. ಬಿ.ಎಸ್ಸಿ. ಮುಗಿಸಿದ ಹುಡುಗಿ. ಇನ್ನೊಂದು ವರ್ಷ ಕಾಯಿ ಅಂದರೆ ಅವಳು ಕಾದಾಳು, ಗಂಡು ನೋಡುವ ನಮ್ಮ ಬೀಗರು ನೆಂಟರು ಕಾಯುತ್ತಾರೆಯೇ?

ಸರಿತಾಳ ಹೆಸರಿನ ಲೈಸೆನ್ಸಿಗೆ ಠಾಣೆಯಿಂದ ವಿಚಾರಣೆಗೆ ಬಂದ ಪೊಲೀಸಪ್ಪ, "ಮನ್ಯಾಗ ಜಗಳ ಗಿಗಳ ಆಗ್ತಾವೇನ್ರಿ?" ಅಂತ ನನ್ನ ಅತ್ತೆ ಭೀಮಬಾಯಿಯನ್ನು ಕೇಳಿದ.

"ಜಗಳ ಆಗಲಾರದ ಮನಿ ಯಾವುದದ ಯಪ್ಪಾ? ಕುಂದ್ರು, ಚಾ ಕುಡಿ," ಅಂದರು ಅತ್ತೆ. ಲೈಸೆನ್ಸು ಹೋಯಿತು ಅಂದುಕೊಂಡೆ. ಪುಣ್ಯಾತ್ಮ ನಕ್ಕು, ಚಹ ಕುಡಿದು ಹೋದ. ಲೈಸೆನ್ಸು ಬಂತು. ಜಗಳ ಆಮೇಲೆ ಬಂತು.

ನಮ್ಮ ಮನೆಯವರು ರೇವಣಸಿದ್ದ, ಸಿಮೆಂಟಿನ ಟ್ಯಾಂಕರ್ ಹೊಡೆಯುತ್ತಾರೆ. ಹೈದರಾಬಾದಿಗೆ ಲೋಡು ಹೋದಾಗ ಅಲ್ಲಿಯ ಅಂಗಡಿಯಲ್ಲಿ ಪರದೇಶದ ಹೊಸ ಪಿಸ್ತೂಲು ವಿಚಾರಿಸಿಕೊಂಡು ಬಂದರು. ಊಟಕ್ಕೆ ಕೂತಾಗ ರೇಟು ಹೇಳಿದರು. ಅತ್ತೆಯ ಕೈಯಲ್ಲಿದ್ದ ರೊಟ್ಟಿ ಪುಂಡಿಪಲ್ಯದಲ್ಲೇ ನಿಂತಿತು.

"ಅಷ್ಟರಾಗ ಇಕಿ ಮದವಿ ಮಾಡಿ, ಅಳಿಯಗ ಮೋಟಾರ್ ಸೈಕಲ್ ಕೊಡಬಹುದಲ್ಲೋ!"

"ಸಾಲ ತರ್ತೀನಿ," ಅಂದರು ಇವರು.

"ಪಿಸ್ತೂಲಿನ ಗುಂಡು ಕಾಗದಕ್ಕ ಬೀಳ್ತದ, ಸಾಲದ ಗುಂಡು ನಮಗ ಬೀಳ್ತದ," ಅಂದೆ ನಾನು. "ಹಳೇದು ಚಲೋದು ಎಲ್ಲೆರ ಸಿಗ್ತದ, ನೋಡ್ರಿ."

"ಹಳೇದಾ? ನಾ ಹುಟ್ಟಿದಾಗಿಂದ ಅಣ್ಣನ ಅಂಗಿ, ಅಣ್ಣನ ಪುಸ್ತಕ, ಅಣ್ಣನ ಚಪ್ಪಲಿ. ನನ್ನ ಮಗಳೂ ಮಂದಿ ಬಿಟ್ಟದ್ದು ಹಿಡೀಬೇಕಾ?"

ಸರಿತಾ ಮೆಲ್ಲಗೆ, "ಅಪ್ಪಾ, ಅದು ಹೊಸದೋ ಹಳೇದೋ ಗುರಿಗೆ ಗೊತ್ತಾಗಲ್ಲ. ನನ್ನ ಕೈಗೆ ಕೂಡಬೇಕು. ನಳಿಗಿ ಚಲೋ ಇರಬೇಕು. ಕುದುರಿ ಹಗೂರ ಎಳೀಬೇಕು. ಕ್ಲಬ್ಬಿನಾಗ ಸಿಗೋ ಸಾದಾ ಗುಂಡು ತಿನ್ನಬೇಕು. ಇಷ್ಟಾದ್ರ ಸಾಕು," ಅಂದಳು.

"ನೋಡು, ಎತ್ತಿನ ಮಾತೇ ಹೇಳ್ತಾಳ!" ಮಾವನಿಗೆ ಭಾಳ ಖುಷಿ. "ಮೇವಿಗೆ ಹಟ ಮಾಡಬಾರದು, ಹೆಗಲು ಕೂಡಬೇಕು. ಚಿಂಚೋಳಿ ಕಡಿ ಬಸವಂತರಾಯನ ಹಂತೇಕ ಒಂದು ರಿವಾಲ್ವರ್ ಅದ. ಅರ್ಧ ರೇಟಿಗೆ ಕೊಡ್ತಾನ. ಇಷ್ಟ ದಪ್ಪ ಅದ!"

"ಮುತ್ಯಾ, ನಾ ಹುಲಿ ಹೊಡ್ಯಾಕ ಹೊಂಟಿಲ್ಲ. ಪಂದ್ಯದಾಗ ಅದು ನಡೆಯಲ್ಲ. ಟೂಟೂನೇ ಬೇಕು. ಸಣ್ಣ ಗುಂಡು, ಕೈಗೆ ಪೆಟ್ಟು ಕಮ್ಮಿ, ಖರ್ಚೂ ಕಮ್ಮಿ."

"ಸಣ್ಣದರಾಗೇ ಆರಸೋಣು," ಅಂದರು ಮಾವ. "ಆರಸಾವ ನಾನು. ಯಾರೂ ನಡು ಬಾಯಿ ಹಾಕಬ್ಯಾಡ್ರಿ."

ಇವರು ತಾಟು ಸರಿಸಿ ಎದ್ದು ಹೋದರು. ಮಜ್ಜಿಗೆ ಹಾಗೇ ಉಳಿಯಿತು. ಅದನ್ನು ನಾನೇ ಕುಡಿದೆ. ಸಿಟ್ಟಿನ ಮಜ್ಜಿಗೆಯನ್ನೂ ಚೆಲ್ಲುವಷ್ಟು ಸಿರಿವಂತಿಕೆ ನಮಗಿಲ್ಲ.

ಅದೇ ವಾರ ಸರಿತಾಳ ಗೆಳತಿ ಮಹೆಕ್ ಫೋನು ಮಾಡಿದಳು. ಅವಳ ತಾಯಿ ನೂರಜಹಾನ್ ಮೇಡಮ್ ಶಹಾಬಾದಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಒಂದು ಕಾಲಕ್ಕೆ ರಾಜ್ಯದ ಪರ ಟೂಟೂ ಹೊಡೆದವರು. ಈಗ ಕಣ್ಣು ಮಂಜು. ಪಿಸ್ತೂಲು ಕೊಡಬೇಕು ಅನ್ನುತ್ತಾರೆ, ಆದರೆ ಯಾರು ಕೇಳಲು ಬಂದರೂ ಕೊಡುವುದಿಲ್ಲವಂತೆ.

ರವಿವಾರ ನಾನು, ಮಾವ, ಸರಿತಾ ಮೂವರೂ ಹೋದೆವು. ಮಾವ ಟವೆಲು ಒಗೆಸಿ, ಇಸ್ತ್ರಿ ಮಾಡಿಸಿಕೊಂಡಿದ್ದರು.

ತಂಪು ಫರಸಿಯ ದೊಡ್ಡ ಕೋಣೆ. ಮೇಡಮ್ ಕಪಾಟಿನ ಕೀಲಿ ತೆಗೆದು ಪಿಸ್ತೂಲು ಹೊರತಂದರು. ಗುಂಡಿನ ಡಬ್ಬಿ ಬಿಚ್ಚಿ, ಹಿಂದಿನ ಭಾಗ ಜಗ್ಗಿ, ಖಾಲಿ ಇದೆ ಅಂತ ನಮಗೆಲ್ಲ ತೋರಿಸಿ ಸರಿತಾಳ ಕೈಗೆ ಕೊಟ್ಟರು. ಹಿಡಿಯ ಕಟ್ಟಿಗೆ ಮೇಡಮ್ ಕೈಯಲ್ಲಿ ಸವೆದು ನುಣುಪಾಗಿತ್ತು. ಮೇಡಮ್ ಕೈಯೂ ಸಣ್ಣದು, ನನ್ನ ಮಗಳ ಕೈಯೂ ಸಣ್ಣದು. ಸರಿತಾ ಹಿಡಿದು ನಿಂತಳು. ನನಗೆ ಪಿಸ್ತೂಲಿನ ಬಗ್ಗೆ ಏನೂ ತಿಳಿಯುವುದಿಲ್ಲ, ಆದರೆ ಮಗಳ ಮುಖ ತಿಳಿಯುತ್ತದೆ. ಇದೇ ಅಂತ ಗೊತ್ತಾಯಿತು.

"ಹೆಂಗದ ಬೇಟಾ?"

"ನಂದೇ ಅನಸ್ತದ್ರಿ ಮೇಡಮ್."

ಮೇಡಮ್ ಕಣ್ಣು ಒದ್ದೆಯಾದವು. ಅಷ್ಟರಲ್ಲಿ ಒಳಗೆ ಒಲೆಯ ಮೇಲಿನ ಹಾಲು ಸುರ್ರೆಂದಿತು. "ಅರೇ, ಹಾಲು!" ಅಂತ ಅವರು ಓಡಿದರು. ಮಹೆಕ್ ಅಮ್ಮನ ಪದಕ ತೋರಿಸುತ್ತೇನೆಂದು ಸರಿತಾಳನ್ನು ಪಕ್ಕದ ಕೋಣೆಗೆ ಎಳೆದೊಯ್ದಳು. ಹೋಗುವಾಗ ಸರಿತಾ ಪಿಸ್ತೂಲನ್ನು ಮೇಜಿನ ಮೇಲಿನ ಬಟ್ಟೆಯ ಮೇಲೆ ಜೋಪಾನವಾಗಿಟ್ಟಳು.

ಮಾವ ನನ್ನ ಮುಖ ನೋಡಿದರು. "ಎತ್ತು ಕೊಳ್ಳೂಕಿಂತ ಮೊದಲು ಖಾಲಿ ಗಾಡಿ ಹೂಡಿ ನೋಡಬೇಕು ಜಗದೇವಿ. ನಡಿಗಿ ಗೊತ್ತಾಗ್ತದ."

"ನೋಡ್ರಿ ಮಾವಾರ," ಅಂದೆ ನಾನು, ಮಹಾ ತಿಳಿದವಳ ಹಾಗೆ.

ಅವರು ಎತ್ತಿಕೊಂಡು ಗೋಡೆಯ ಮೂಲೆಗೆ ಗುರಿ ಹಿಡಿದರು. ಹಿಂದಕ್ಕೆ ಜಗ್ಗಿದರು, ಬಿಟ್ಟರು, ಕುದುರೆ ಎಳೆದರು. ಟಿಕ್. "ಹೂಂ" ಅಂತ ತಮಗೆ ತಾವೇ ಅಂದುಕೊಂಡರು. ಮತ್ತೆ ಜಗ್ಗಿದರು. ಟಿಕ್. ಮತ್ತೆ. ಸಂತೆಯಲ್ಲಿ ಹೋರಿಯನ್ನು ಸುತ್ತು ಹೊಡೆಸುವಷ್ಟು ಹೊತ್ತು ಹೊಡೆಸಿದರು. ಮುಖದ ಮೇಲೆ ಅದೇನು ಹಿಗ್ಗು!

ಚಹದ ತಾಟು ಹಿಡಿದು ಬಂದ ಮೇಡಮ್ ಬಾಗಿಲಲ್ಲೇ ಚೀರಿದರು. "ಯಾ ಅಲ್ಲಾ! ಕಾಕಾ, ಬ್ಯಾಡ್ರಿ! ಖಾಲಿ ಹೊಡೀಬ್ಯಾಡ್ರಿ!"

ಮಾವನ ಕೈ ಗಾಳಿಯಲ್ಲೇ ನಿಂತಿತು. ಮೇಡಮ್ ಪಿಸ್ತೂಲು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ನಳಿಗೆಯ ಹಿಂದಿನ ಬಾಯಿಗೆ, ಗುಂಡು ಕೂಡುವಲ್ಲಿ, ಬೆರಳಿಟ್ಟು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು.

"ಈ ಗುಂಡಿಗೆ ಒಳಗಿನ ಮೊಳಿ ಪೆಟ್ಟು ನಡು ಬೀಳಲ್ಲರಿ ಕಾಕಾ, ಅಂಚಿಗೆ ಬೀಳ್ತದ. ಒಳಗ ಗುಂಡಿಲ್ಲ ಅಂದ್ರ ಆ ಪೆಟ್ಟು ಸೀದಾ ನಳಿಗಿ ಅಂಚಿಗೇ ಬೀಳ್ತದ. ಹೊಸ ಪಿಸ್ತೂಲಿನಾಗ ಅದಕ್ಕೊಂದು ತಡೆ ಇರ್ತದ. ಇದು ಹಳೇದು. ನೋಡ್ರಿ, ಅಂಚು ನೆಗ್ಗ್ಯಾದ. ಇನ್ನ ಗುಂಡು ಸರಿ ಕೂಡಂಗಿಲ್ಲ."

ಸರಿತಾ ಬಾಗಿಲಲ್ಲಿ ನಿಂತಿದ್ದಳು.

ಮಾವ ಎದ್ದು ನಿಂತರು. "ಪರೀಕ್ಷಾಕ್ಕ ಹೂಡಿದಾಗ ಎತ್ತು ಕುಂಟಿದ್ರ, ಹೂಡಿದವನೇ ಪೂರಾ ರೇಟಿಗೆ ಹಿಡೀಬೇಕು. ಅದು ನಮ್ಮ ಸಂತಿ ನಿಯಮ ತಾಯಿ. ಇದು ನಂದಾಯ್ತು."

"ಮೊದಲ ರಿಪೇರಿ ಆಗ್ತದೇನು ನೋಡೋಣ್ರಿ. ಹೈದರಾಬಾದಿನಾಗ ನನಗ ಪರಿಚಯದ ಕಾರಿಗರ ಇದ್ದಾನ. ಚಾ ಕುಡೀರಿ, ಆರಲಿಕತ್ತದ."

ಬರುವಾಗ ರೈಲಿನಲ್ಲಿ ಮೂವರೂ ಮೂರು ಕಿಟಕಿ ನೋಡುತ್ತ ಬಂದೆವು.

ಮನೆಯಲ್ಲಿ ಇವರು ಹಾರಾಡಿದರು. "ನಿಮಗ ಯಾರ ಹೇಳಿದ್ರು ಮುಟ್ಟಲಿಕ್ಕ? ಅದೇನು ಹೋರಿ ಏನ್ರಿ ಬಾಲ ತಿರುವಿ ನೋಡಾಕ? ಕೆಟ್ಟ ಮಾಲಿಗೆ ಪೂರಾ ರೇಟು ಬ್ಯಾರೆ! ನಾ ಅವತ್ತೇ ಹೊಸದು ತರ್ತೀನಿ ಅಂದ್ರ ಯಾರೂ ಕೇಳಲಿಲ್ಲ."

"ಅಪ್ಪಗ ಹಂಗ ಅಂತಾರೇನೋ," ಅಂದರು ಅತ್ತೆ.

"ಅನ್ನಲಿ ಬಿಡು. ಖರೇನೇ ಅದ," ಅಂದರು ಮಾವ. ಅದರಿಂದ ನನಗೆ ಹೆಚ್ಚು ನೋವಾಯಿತು. ಬೈದರೆ ತಿರುಗಿ ಬೈಯುವ ಮನುಷ್ಯ ಅವರು.

ಅಂದು ರಾತ್ರಿಯಿಂದ ಹೂಂ ನಿಂತಿತು. ಊಟವಾದ ಕೂಡಲೇ ಮಾವ ಹೊರಗಿನ ಕಟ್ಟೆಗೆ ಹೋಗಿ ಕೂಡಲು ಶುರು ಮಾಡಿದರು. ಸರಿತಾ ಒಬ್ಬಳೇ ಗೋಡೆಗೆ ಗುರಿ ಹಿಡಿಯುತ್ತಿದ್ದಳು. ಟಿಕ್. ಟಿಕ್. ಟಿಕ್. ಗೋಡೆ ಗಡಿಯಾರವೂ ಅದಕ್ಕಿಂತ ಚೆನ್ನಾಗಿ ಮಾತಾಡುತ್ತಿತ್ತು. ನಾಲ್ಕು ದಿನ ನೋಡಿದ ಅತ್ತೆ, "ಏ ಜಗದೇವಿ, ನೀನೇ ಒಂದೆರಡು ಸಲ ಹೂಂ ಅನ್ನು," ಅಂದರು. ಅಂದು ನೋಡಿದೆ. ಸರಿತಾ ತಿರುಗಿ, "ಅವ್ವಾ, ಈಗ ಕೈ ನಡುಗಿತ್ತು," ಅಂದಳು. ನನ್ನ ಹೂಂಗೆ ಬೆಲೆ ಅಷ್ಟೇ.

ದಸರೆ ಬಂತು. ಖಂಡೇಪೂಜೆಗೆ ಕುಡಗೋಲು, ಕೊಡಲಿ, ಇವರ ಸ್ಪ್ಯಾನರು, ನನ್ನ ರೊಟ್ಟಿ ಹಂಚು ಎಲ್ಲ ತೊಳೆದಿಟ್ಟೆವು. ಅತ್ತೆ ಗಾಳಿ ಪಿಸ್ತೂಲಿಗೆ ಭಂಡಾರ ಹಚ್ಚಲು ಹೋದಾಗ ಮಾವ ಬಾಗಿಲಿನಿಂದಲೇ, "ಮುಟ್ಟಬ್ಯಾಡ! ಅಕಿನ್ನ ಕೇಳಿ ಹಚ್ಚು," ಅಂತ ಗದರಿದರು. ಸರಿತಾ ಪೆಟ್ಟಿಗೆಯ ಮೇಲೆ ಹಚ್ಚಿಸಿದಳು. ಮುತ್ಯಾನನ್ನೂ ಕರೆದಳು. "ನನ್ನ ಕೈ ಚಲೋ ಇಲ್ಲವ್ವ" ಅಂತ ಅವರು ಬರಲಿಲ್ಲ.

ಬನ್ನಿ ಕೊಟ್ಟು ಬಂದ ಮೇಲೆ ಸರಿತಾ ಕಟ್ಟೆಗೆ ಹೋಗಿ ಅವರ ಪಕ್ಕ ಕೂತಳು. ನಾನು ಬಾಗಿಲ ಹಿಂದೆ ಇದ್ದೆ. ಕದ್ದು ಕೇಳಿದೆ ಅನ್ನಿ, ತಾಯಿಗೆ ಅಷ್ಟು ಹಕ್ಕಿಲ್ಲವೇ?

"ಮುತ್ಯಾ, ಅವತ್ತು ಮೇಡಮ್ ಹೇಳಿದ ಮಾತು ನನಗೂ ಗೊತ್ತಿರಲಿಲ್ಲ."

"ಏನಂದಿ?"

"ಟೂಟೂ ಖಾಲಿ ಹೊಡೀಬಾರದು ಅಂತ. ಕ್ಲಬ್ಬಿನಾಗ ನನಗ ಹತ್ತು ಗುಂಡು ಹೊಡ್ಯಾಕೇ ಪಾಳಿ ಸಿಗಲ್ಲ, ಖಾಲಿ ಯಾರು ಹೊಡೀತಾರ? ಮನ್ಯಾಗ ಗಾಳಿ ಪಿಸ್ತೂಲು ಹೊಡೀತೀವಲ್ಲ, ಅದಕ್ಕೇನೂ ಆಗಲ್ಲ. ಇದೂ ಹಂಗೇ ಅಂತ ತಿಳಿದಿದ್ದೆ. ನೀ ಅವತ್ತು ಹೊಡೀಲಿಲ್ಲಂದ್ರ ನಾ ಅದನ್ನ ಮನಿಗೆ ತಂದು ದಿನಾ ಟಿಕ್ ಟಿಕ್ ಅನಸ್ತಿದ್ದೆ. ಸೆಲೆಕ್ಷನ್ ದಿನ ಗುಂಡು ಹಾರ್ತಿರಲಿಲ್ಲ."

ಮಾವ ಅವಳ ಕಡೆ ತಿರುಗಿದರು. "ನನಗ ಸಮಾಧಾನ ಆಗಲಿ ಅಂತ ಹೇಳಾಕತ್ತೀಯಾ?"

"ನಿನ್ನ ಮ್ಯಾಲಾಣಿ."

"ನನ್ನ ಮ್ಯಾಲ ಆಣಿ ಮಾಡಬ್ಯಾಡ, ಮೊದಲೇ ವಯಸ್ಸಾಗ್ಯಾದ," ಅಂದರು. ಬಹಳ ದಿನಗಳ ಮೇಲೆ ಅವರ ಬಾಯಿಂದ ಚೇಷ್ಟೆಯ ಮಾತು ಬಂತು. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದೆ.

ಮರುವಾರ ಮೇಡಮ್ ಫೋನು. ಕಾರಿಗರ ನೆಗ್ಗಿದ ಅಂಚನ್ನು ಒತ್ತಿ ಸರಿಮಾಡಿದ್ದಾನೆ, ಕ್ಲಬ್ಬಿಗೆ ಬಂದು ಹೊಡೆದು ನೋಡಿ ಅಂದರು. ಸರಿತಾ ಕಲಬುರಗಿಗೆ ಹೋದಳು. ಮೇಡಮ್ ಪಕ್ಕದಲ್ಲಿ ನಿಂತು ಹೊಡೆಸಿದರು. ಒಂದು ಗುಂಡೂ ಕೈಕೊಡಲಿಲ್ಲ. ತೂತು ಬಿದ್ದ ಕಾಗದವನ್ನು ಅವಳು ತಂದು ಮೊದಲು ಅಪ್ಪನ ಮುಂದೆ ಹಿಡಿದಳು. ತೂತುಗಳೆಲ್ಲ ಒಂದು ಬಟ್ಟಲಿನಿಂದ ಮುಚ್ಚುವಷ್ಟು ಹತ್ತಿರ ಹತ್ತಿರ ಇದ್ದವು. ಇವರು ಕಾಗದವನ್ನು ತಿರುವಿ ಮುರುವಿ ನೋಡಿದರು.

"ಹಳೇದ್ರಾಗೇ ಹಿಂಗ ಹೊಡದಿ?"

"ಹಳೇದ್ರಾಗೇ, ಅಪ್ಪಾ."

ಇವರು ಚಪ್ಪಲಿ ಮೆಟ್ಟಿ ಪೇಟೆಗೆ ಹೋದರು. ಬರುವಾಗ ಕಂಕುಳಲ್ಲಿ ಕೀಲಿಯಿರುವ ಕಬ್ಬಿಣದ ಪೆಟ್ಟಿಗೆ, ಒಳಗೆ ದಪ್ಪ ಫೋಮು. "ಒಳಗಿಂದು ಹಳೇದಿರಲಿ. ಪೆಟಿಗಿ ಮಾತ್ರ ಹೊಸದು," ಅಂದರು. ಇಷ್ಟಕ್ಕೆ ನಾನು ಆ ರಾತ್ರಿ ಇವರಿಗೆ ಹೋಳಿಗೆ ಮಾಡಿ ಹಾಕಿದೆ. ಯಾಕೆ ಅಂತ ಕೇಳಿದರು, ಹಬ್ಬದ ಬೇಳೆ ಉಳಿದಿತ್ತು ಅಂದೆ.

ರೇಟು ಮುಗಿಸಲು ಶಹಾಬಾದಿಗೆ ಹೋಗುವ ದಿನ ಮಾವ ಹೊರಡಲೊಲ್ಲೆ ಅಂದರು. "ನೀವು ಹೋಗಿ ಬರ್ರಿ. ನಾ ಹೇಳಿದ ಪೂರಾ ರೇಟು ಕೊಟ್ಟು ಬರ್ರಿ." ಟ್ರಂಕಿನಿಂದ ತಮ್ಮ ದುಡ್ಡಿನ ಗಂಟು ತೆಗೆದು ಸರಿತಾ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿನ ಜೊತೆ ಇಟ್ಟರು.

"ಟವೆಲು ಯಾರ ತರ್ತಾರ?" ಅಂದಳು ಸರಿತಾ.

ಮಾವ ಹೆಗಲು ಮುಟ್ಟಿ ನೋಡಿಕೊಂಡರು. ಅಷ್ಟೇ. ಚಪ್ಪಲಿ ಹುಡುಕಲು ಶುರು ಮಾಡಿದರು.

ನೂರಜಹಾನ್ ಮೇಡಮ್ ಮೇಜಿನ ಮೇಲೆ ಪಿಸ್ತೂಲಿಟ್ಟು ನಮ್ಮನ್ನು ಕೂಡಿಸಿದರು. ಈ ಸಲ ನಮ್ಮ ಮನೆಯವರೂ ಬಂದಿದ್ದರು, ಪೆಟ್ಟಿಗೆ ತೊಡೆಯ ಮೇಲೆ. ಮಾವ ಗಂಟಲು ಸರಿಮಾಡಿಕೊಂಡರು. "ತಾಯಿ, ನಿಮ್ಮ ಮನಿ ಗಂಡಸರ ಯಾರರ ಇದ್ರ ಕರೀರಿ. ಟವೆಲಿನಾಗ ರೇಟು ಮುಗಸ್ತೀನಿ."

"ನನ್ನ ಅಬ್ಬಾ ಕುರಿ ವ್ಯಾಪಾರ ಮಾಡ್ತಿದ್ರು ಕಾಕಾ. ಬೆರಳಿನ ಲೆಕ್ಕ ನನಗೇ ಬರ್ತದ."

"ಹೆಣ್ಮಕ್ಕಳು ಟವೆಲಿನಾಗ ಕೈ ಹಾಕಲ್ಲವ್ವ. ಸಂತಿಯಾಗ ನಾ ಹಂಗ ನೋಡೇ ಇಲ್ಲ."

ಮೇಡಮ್ ನಕ್ಕರು. "ಪಿಸ್ತೂಲು ಹೆಣ್ಮಗಳದು. ತಗೊಳ್ಳಾಕಿ ಹೆಣ್ಮಗಳು. ಲೈಸೆನ್ಸ್ ಇಬ್ಬರ ಹೆಸರಿಲೇ ಅದ. ನಡು ಗಂಡಸರನ್ನ ಎಲ್ಲಿಂದ ತರ್ಲಿ ಹೇಳ್ರಿ?"

ಮಾವ ಮೇಡಮ್ ಮುಖ ನೋಡಿದರು, ಸರಿತಾಳ ಮುಖ ನೋಡಿದರು. ಅವರು ಹೆಗಲಿನಿಂದ ಟವೆಲು ತೆಗೆದು ಒಮ್ಮೆ ಝಾಡಿಸಿದರು. ಮೊಮ್ಮಗಳ ಬಲಗೈ ಹಿಡಿದು ಮೇಡಮ್ ಕೈಯಲ್ಲಿಟ್ಟು, ಎರಡರ ಮೇಲೂ ಟವೆಲು ಹೊದಿಸಿದರು.

"ಕೌದಿ ಒಳಗ ಕಲಿಸಿದ್ದು ನೆನಪದ ಏನು?"

"ಅದ ಮುತ್ಯಾ."

"ಪೂರಾ ರೇಟಿಗಿಂತ ಕಮ್ಮಿ ಹಿಡೀಬ್ಯಾಡ. ಕೆಡಿಸಿದವರು ನಾವು."

ಟವೆಲು ಅಲುಗಿತು. ಮೇಡಮ್ ತಲೆ ಅಲ್ಲಾಡಿಸಿ, "ಇಷ್ಟ ಬ್ಯಾಡ ಬೇಟಾ," ಅಂದರು. ಸರಿತಾಳೂ ತಲೆ ಅಲ್ಲಾಡಿಸಿದಳು. ಮತ್ತೆ ಅಲುಗಿತು. "ನೀ ಕೇಳು ನನ್ನ ಮಾತು." "ಇಲ್ರಿ ಮೇಡಮ್." ಕೊಳ್ಳುವವಳು ಏರಿಸುತ್ತಾಳೆ, ಮಾರುವವಳು ಇಳಿಸುತ್ತಾಳೆ! ಇಂಥ ವ್ಯಾಪಾರವನ್ನು ಯಾವ ಸಂತೆ ಕಂಡಿತ್ತು? ಮಾವ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡುತ್ತ, ತಮ್ಮ ಬೆರಳುಗಳನ್ನು ತಾವೇ ಹಿಚುಕಿಕೊಳ್ಳುತ್ತಿದ್ದರು. ಕೊನೆಗೆ ಟವೆಲು ನಿಂತಿತು.

"ಮುಗೀತು," ಅಂದರು ಮೇಡಮ್. "ಕಾಕಾ, ಇಷ್ಟೊತ್ತು ನಿಮ್ಮ ಮೊಮ್ಮಗಳ ಕೈ ಹಿಡದಿದ್ದೆ. ಒಂದ ಸಲಕ್ಕೂ ನಡುಗಲಿಲ್ಲ. ಇಲ್ಲೀತನ ಕೇಳಲಿಕ್ಕ ಬಂದೋರಿಗೆ ಯಾಕ ಕೊಟ್ಟಿಲ್ಲ ಅಂತ ಈಗ ನನಗೇ ತಿಳೀತು."

ಇವರು ತಡೆಯಲಾರದೆ, "ಎಷ್ಟಕ್ಕ ಮುಗೀತು?" ಅಂದರು.

"ಟವೆಲಿನಾಗಿನ ಮಾತು ಹೊರಗ ಹೇಳಬಾರದು ಅಪ್ಪಾ," ಅಂದಳು ಸರಿತಾ. ಮಾವ ಎದೆ ಉಬ್ಬಿಸಿ ಕೂತರು. ಖರೀದಿ ಕಾಗದದ ಮೇಲೆ ಏನೋ ಒಂದು ರೇಟು ಬರೆದಿದ್ದಾರೆ, ನಾನು ಇವತ್ತಿಗೂ ನೋಡಲು ಹೋಗಿಲ್ಲ.

ಹೊರಡುವಾಗ ಮೇಡಮ್ ಮಾವನ ಅಂಗೈಯಲ್ಲಿ ಒಂದು ಚಿಕ್ಕ ಡಬ್ಬಿ ಇಟ್ಟರು. ಒಳಗೆ ಕೆಂಪು ಪ್ಲಾಸ್ಟಿಕ್ಕಿನ ಸುಳ್ಳು ಗುಂಡುಗಳು. "ಇದನ್ನ ಒಳಗ ಹಾಕಿ ಎಷ್ಟರ ಹೊಡೀರಿ. ಪೆಟ್ಟು ಇದು ತಿಂತದ, ನಳಿಗಿ ತಿನ್ನಲ್ಲ. ಇದರ ಜವಾಬ್ದಾರಿ ನಿಮ್ಮದು."

ವರ್ಗಾವಣೆಯ ಕಾಗದಪತ್ರಕ್ಕೆ ಕಚೇರಿ ಅಲೆದು ಪಿಸ್ತೂಲು ಮನೆಗೆ ಬರುವಷ್ಟರಲ್ಲಿ ದೀಪಾವಳಿ ಮುಗಿದಿತ್ತು. ಸೆಲೆಕ್ಷನ್ನಿಗೆ ಇನ್ನೊಂದೇ ವಾರ. ಆ ಸಂಜೆ ಊಟ ಬೇಗ ಮುಗಿಸಿದೆವು. ಸರಿತಾ ಪೆಟ್ಟಿಗೆಯ ಕೀಲಿ ತೆಗೆದು, ಒಳಗೆ ಖಾಲಿ ಇದೆ ಅಂತ ಎಲ್ಲರಿಗೂ ತೋರಿಸಿ, ಮುತ್ಯಾನ ಕಡೆ ಕೈ ಚಾಚಿದಳು. ಅವರು ಅಂಗಿಯ ಕಿಸೆಯಿಂದ ಡಬ್ಬಿ ತೆಗೆದು ಕೆಂಪು ಗುಂಡೊಂದನ್ನು ಎಣ್ಣೆದೀಪದಂತೆ ಜೋಪಾನವಾಗಿ ಅವಳ ಅಂಗೈಗೆ ದಾಟಿಸಿದರು. ಹೊರಸಿನ ಮೇಲೆ ಕೂತರು.

ನಾನು ಭಾಂಡೆ ಬಿಟ್ಟು ಪಡಸಾಲೆಗೆ ಬಂದು ಕಿವಿಗೊಟ್ಟೆ.

ಟಿಕ್. ಸುಮ್ಮನೆ.

ಟಿಕ್. ಸುಮ್ಮನೆ. ಅತ್ತೆ ನನ್ನ ಮುಖ ನೋಡಿದರು.

"ಏನಾಯ್ತು ಮುತ್ಯಾ? ಹೂಂ ಯಾಕ ಅನವಲ್ಲಿ?" ಅಂದಳು ಸರಿತಾ.

"ಕೈ ಅಲಗಾಕತ್ತದಲ್ಲ, ಹೆಂಗ ಅನ್ಲಿ? ನಿನ್ನ ಖುಷಿಗೆ ಸುಳ್ಳು ಹೂಂ ಅನ್ಲೇನು? ಉಸಿರು ಹಿಡಿ. ಮತ್ತೊಮ್ಮೆ ಹೊಡಿ."

ಅವಳು ನಕ್ಕು, ಕಾಲು ಸರಿಮಾಡಿಕೊಂಡು, ಕೈ ಎತ್ತಿದಳು. ಪಡಸಾಲೆಯಲ್ಲಿ ನಾವು ಐದೂ ಮಂದಿ ಉಸಿರು ಹಿಡಿದಿದ್ದೆವು.

ಟಿಕ್.

"ಹೂಂ," ಅಂದರು ಮಾವ.